ರಾಣಿವಾಸದ ಎರಡು ಲಾವಕ್ಕಿ

ಸ್ವಲ್ಪ ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳೋ ಮಾತಲ್ಲ ಇದು. ರಾಣಿವಾಸದ ಗುಟ್ಟು. ಕಿವಿಗೆ ಬಿದ್ದದ್ದು ಹೊಟ್ಟೆಯಲ್ಲೇ ಇರಲಿ, ಗಂಡನಿಗೂ ಹೇಳಕೂಡದು.

ಹುಲ್ಲೂರಿನ ರಾಜ ಡಂಗುರ ಹೊಡೆಸಿದ. "ಕೇಳ್ರಪ್ಪೋ ಕೇಳಿ! ಅರಮನೆಯ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವನ ತಲೆ ತೆಗೆಯಲಾಗುವುದು. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ದಾಸಿ ಕೆಂಪಿಯ ತಲೆಯೂ ಹೋಗುವುದು!"

ಪಾಪದ ಕೆಂಪಿ ಏನು ಮಾಡಿದ್ದಳು ಅಂತೀರಾ? ರಾಜ ಇಬ್ಬರು ರಾಣಿಯರಿಗೂ ಒಂದೊಂದು ಲಾವಕ್ಕಿ ಕೊಟ್ಟಿದ್ದ. ದೊಡ್ಡರಾಣಿಯದು ಮಳೆಗಾಲದಲ್ಲಿ ಇಲ್ಲಿನ ಹುಲ್ಲಲ್ಲೇ ಕೂಗಾಡೋ ಜಾತಿ, ಚಿಕ್ಕರಾಣಿಯದು ಚಳಿಗೆ ಬಡಗಣ ದೇಶದಿಂದ ಹಾರಿಬರೋ ಜಾತಿ. ಗಂಡಾಗಿದ್ದರೆ ಮಳೆಹಕ್ಕಿಯ ಎದೆಗೆ ಮಸಿ ಬಳಿದ ಹಾಗಿರುತ್ತೆ, ಯಾರು ಬೇಕಾದರೂ ಹೇಳಬಹುದು. ಇವೆರಡೂ ಹೆಣ್ಣು, ನೋಡೋಕೆ ಒಂದೇ ಥರ. ಕಾಳು ಹಾಕೋದು ರಾಣಿಯರೇ, ಬೇರೆಯವರು ಮುಟ್ಟೋ ಹಾಗಿಲ್ಲ. ಒಂದು ಬೆಳಗ್ಗೆ ನೋಡಿದರೆ ಎರಡೂ ತಮ್ಮ ಪಂಜರ ಬಿಟ್ಟು ಅಂಗಳದ ಗೂಡಲ್ಲಿ! ಒಂದು ದುಂಡಗೆ, ಇನ್ನೊಂದು ಮೂಳೆ ಬಿಟ್ಟುಕೊಂಡು. "ದುಂಡಗಿರೋದು ನಂದು" ಅಂತ ಇಬ್ಬರು ರಾಣಿಯರೂ ಬೀದಿಗೆ ಕೇಳೋ ಹಾಗೆ ಕಿತ್ತಾಡಿದರು. ಅಂಗಳ ಗುಡಿಸೋಳು ಕೆಂಪಿ, ಅದಕ್ಕೆ ಹಕ್ಕಿ ಬೆರೆಸಿದ ಅಪವಾದ ಅವಳ ಮೇಲೆ.

ದಳವಾಯಿ ಮಗ ಬಂದ. ಮೊದಲೆರಡು ಒಗಟು ಬಿಡಿಸಿ ಮೂರನೇದಕ್ಕೆ, "ದೊಡ್ಡರಾಣಿಯವರು ಮೈಕೈ ತುಂಬಿಕೊಂಡವರು, ದುಂಡನೇ ಹಕ್ಕಿ ಅವರದೇ" ಅಂದ. ದೊಡ್ಡರಾಣಿಯ ಮುಖ ನೋಡಬೇಕಿತ್ತು! ಗುರುತು ಕೊಡದ್ದಕ್ಕೆ ಅವನು ಸೆರೆಮನೆಗೆ, ತಲೆ ತೆಗೆಯೋದು ಹುಣ್ಣಿಮೆಗೆ. ಜೋಯಿಸರ ಮಗ ಕೂಗು ಕೇಳಿ ಹೇಳ್ತೀನಿ ಅಂತ ಕಿವಿ ಕೊಟ್ಟು ಕೂತ. ಹೆಣ್ಣುಹಕ್ಕಿಗಳು ತುಟಿಪಿಟಿಕ್ಕೆನ್ನಲಿಲ್ಲ. ಅವನೂ ಸೆರೆಮನೆಗೆ.

ಹುಣ್ಣಿಮೆ ದಿನ ಹಗ್ಗ ಹೊಸೆಯೋ ಜವರ ಬಂದ. ಕೆಂಪಿಗೂ ಅವನಿಗೂ ಮದುವೆಯ ವೀಳ್ಯ ಆಗಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಮಗುಚಿ ನೋಡೋ ಚಾಳಿ ಅವನದು.

"ಕಾಲ ಬುಡದಲ್ಲಿದ್ದಾಗ ಕಾಣೋದಿಲ್ಲ, ಕಂಡಾಗ ಅಲ್ಲಿರೋದಿಲ್ಲ. ಏನದು?" ಅಂದ ರಾಜ.

"ಹುಲ್ಲಲ್ಲಿ ಅಡಗಿರೋ ಲಾವಕ್ಕಿ, ಬುದ್ಧಿ. ತುಳಿಯೋ ಹಾಗಾದಾಗ ಭುರ್ರಂತ ಎದ್ದುಹೋಗುತ್ತೆ."

"ಗೋಡೆಯಿಲ್ಲ, ಸೂರಿಲ್ಲ, ಮರ ಹತ್ತಿದರೆ ಸಿಗೋದಿಲ್ಲ. ಯಾರ ಮನೆ?"

"ಅದರದೇ ಗೂಡು, ಬುದ್ಧಿ. ನೆಲದ ಮೇಲೇ ಮೊಟ್ಟೆ ಇಡುತ್ತೆ."

"ಒಂದೇ ಬಣ್ಣದ ಸೀರೆ ಉಟ್ಟ ಇಬ್ಬರು ಇಲ್ಲಿದ್ದಾರೆ. ಯಾರು ಯಾರ ಮನೆಯವಳು? ಗುರುತು ಸಮೇತ ಹೇಳು."

ಜವರ ಗೂಡನ್ನೇ ನೋಡಿದ. ತಲೆ ಒಂದೇ, ಬೆನ್ನು ಒಂದೇ. "ಕೈಗೆ ತಗೋಬಹುದಾ, ಬುದ್ಧಿ?"

ಸಭೆ ಹೌಹಾರಿತು. ರಾಣಿಯರ ಹಕ್ಕಿ ಮುಟ್ಟೋದೇ! ರಾಜನಿಗೆ ಕುತೂಹಲ ತಡೆಯಲಿಲ್ಲ, ಹ್ಞೂಂ ಅಂದ. ಜವರ ರೆಕ್ಕೆ ಬಿಡಿಸಿದ. ಬಡಕಲು ಹಕ್ಕಿಯ ಉದ್ದ ಗರಿ ಬರೀ ಕಂದು, ದುಂಡನೆಯದರ ಗರಿಗೆ ಅಡ್ಡಡ್ಡ ಪಟ್ಟೆ. ಜಾತಿ ಬೇರೆ ಅಂತಾಯ್ತು, ಆದರೆ ಯಾವುದು ಯಾರದು?

"ರಾಣಿಯರ ಖಾಲಿ ಪಂಜರ ತರಿಸಿ."

ತಂದರು. ಎರಡರ ತಳದಲ್ಲೂ ಉದುರಿದ ಗರಿ. ಚಿಕ್ಕರಾಣಿಯ ಪಂಜರದಲ್ಲಿ ಪಟ್ಟೆಗರಿ, ದೊಡ್ಡರಾಣಿಯದರಲ್ಲಿ ಬರೀ ಕಂದುಗರಿ.

"ದುಂಡಗಿರೋದು ಚಿಕ್ಕವ್ವನೋರದು, ಬುದ್ಧಿ" ಅಂದ ಜವರ.

ರಾಜ ಚಿಕ್ಕರಾಣಿಯ ಪಂಜರಕ್ಕೆ ಬಗ್ಗಿದ. "ಇದರಲ್ಲಿ ನವಣೆ ಹೊಟ್ಟು ಬೆರಳುದ್ದ ಬಿದ್ದಿದೆ. ಅದರಲ್ಲಿ ಯಾಕೆ ಒಂದೂ ಇಲ್ಲ?"

"ಅದು ನಾನು ಹೇಳೋದಲ್ಲ, ಬುದ್ಧಿ."

ದೊಡ್ಡರಾಣಿ ತಡೆದಾಳೆಯೇ? "ಕಾಳು ಹಾಕೋದು ಮರೆತೆ! ನೀವು ಕೊಟ್ಟದ್ದು ಸತ್ತರೆ ಏನು ಗತಿ ಅಂತ ಎರಡನ್ನೂ ನಾನೇ ಅಂಗಳದ ಗೂಡಿಗೆ ಬಿಟ್ಟೆ. ನಂದು ಯಾವುದು ಅಂತ ತಿಳಿಯದಿರಲಿ ಅಂತ!" ಅಂದುಬಿಟ್ಟಳು.

ಜವರ ಕೇಳಿದ್ದು ಕೆಂಪಿಯನ್ನ, ಜೊತೆಗೆ ಸೆರೆಮನೆಯ ಇಬ್ಬರ ಜೀವದಾನವನ್ನ. ರಾಜ ಕೊಟ್ಟ, ಒಂದು ಹೊಲವನ್ನೂ ಸೇರಿಸಿದ.

ಕೆಂಪಿಯ ಮದುವೆಗೆ ದೊಡ್ಡರಾಣಿ ರೇಷ್ಮೆ ಸೀರೆ ಕಳಿಸ್ತಾಳೆ ಅಂತ ಗೊತ್ತಾದದ್ದೇ ತಡ, ಗೋಡೆಯಾಚೆಯ ಚಿಕ್ಕರಾಣಿ ಬಾಗಿಲಿಗೆ ಬಂದು ಮುಖದ ಮೇಲೇ ಅಂದಳಂತೆ: "ಅಕ್ಕಾ, ದುಂಡನೇ ಹಕ್ಕಿ ನಂದು ಅನ್ನೋಕೆ ಅಷ್ಟುದ್ದ ಬಾಯಿತ್ತಲ್ಲ, ಆ ಹುಡುಗಿ ಕತ್ತಿಗೆ ಕತ್ತಿ ಬಂದಾಗ ಅದನ್ನ ಎಲ್ಲಿಟ್ಟಿದ್ದಿರಿ?"