ಬಾಣಂತಿ ಕೋಣೆಯ ಗೋಡೆ

ಕಸ್ತೂರಿಯ ತವರಿನ ಪಡಸಾಲೆಯಲ್ಲಿ ಕೂತಿದ್ದ ವೈಫೈ ರೂಟರ್‌ಗೆ ಗೋಡೆಯ ಮೇಲೆ ಕೆಂಡದಂಥ ಕೋಪ. ಗಡಿಯಲ್ಲಿ ಕಾವಲಿರುವ ಅವಳ ಗಂಡ ಕೂಸಿನ ಮುಖ ನೋಡಲು ವಿಡಿಯೊ ಕಾಲ್ ಮಾಡಿದಾಗಲೆಲ್ಲ ಚಿತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಥಂಡಿಗಾಳಿ ಸೋಕಬಾರದೆಂದು ಬಾಣಂತಿಯನ್ನೂ ಕೂಸನ್ನೂ ಒಳಕೋಣೆಯಲ್ಲಿ ಇರಿಸಿದ್ದರು. ರೂಟರ್ ಎಷ್ಟು ಕೂಗಿದರೂ ಅದರ ದನಿ ಆ ದಪ್ಪ ಮಣ್ಣಿನ ಗೋಡೆಯನ್ನು ದಾಟುತ್ತಿರಲಿಲ್ಲ.

“ಅಪ್ಪ ಮಗಳ ನಡುವೆ ಅಡ್ಡ ನಿಲ್ಲಲು ನಾಚಿಕೆಯಾಗದೇ ನಿನಗೆ?” ಎಂದು ಅದು ಗದರಿತು.

ಒಂದು ದಿನ ಕಸ್ತೂರಿಯ ಅಣ್ಣ ಕರೆಂಟ್ ವೈರಿನಲ್ಲೇ ಇಂಟರ್‌ನೆಟ್ ಸಾಗಿಸುವ ಎರಡು ಪುಟ್ಟ ಡಬ್ಬಿ ತಂದ. ಒಂದನ್ನು ರೂಟರ್‌ಗೆ ಜೋಡಿಸಿ ಪಕ್ಕದ ಪ್ಲಗ್ಗಿಗೆ, ಇನ್ನೊಂದನ್ನು ಒಳಕೋಣೆಯ ಪ್ಲಗ್ಗಿಗೆ ಸಿಕ್ಕಿಸಿದ. ಗೋಡೆಯೊಳಗಿನ ಹಳೆಯ ಕರೆಂಟ್ ವೈರ್ ಹೇಳಿತು: “ತಮ್ಮಾ, ಒಳಗಿನ ದೀಪಕ್ಕೆ ಕರೆಂಟ್ ಒಯ್ಯುವವನು ನಾನೇ. ನಿನ್ನ ಮಾತನ್ನೂ ಹೊತ್ತೊಯ್ಯುತ್ತೇನೆ, ಕೊಡು. ಕೂಗಬೇಡ, ಪಿಸುಗುಟ್ಟಿದರೆ ಸಾಕು.”

ರೂಟರ್ ಪಿಸುಗುಟ್ಟಿತು. ಒಳಗೆ ಕೂಸು ಆಕಳಿಸಿತು. ದೂರದ ಗಡಿಯಲ್ಲಿ ಅಪ್ಪ ನಕ್ಕು, ಕಣ್ಣೊರೆಸಿಕೊಂಡ.

“ನೋಡಿದೆಯಾ? ನಿನ್ನನ್ನು ಗೆದ್ದೆವು!” ಎಂದು ರೂಟರ್ ಗೋಡೆಗೆ ಹೇಳಿತು.

ಗೋಡೆ ಆಗ ಮೊದಲ ಸಲ ಬಾಯಿ ಬಿಟ್ಟಿತು: “ಸಂತೋಷವಪ್ಪಾ. ಕೂಸಿಗೆ ಗಾಳಿ ಸೋಕಲಿಲ್ಲ ತಾನೇ?”