ಇನ್ನಾಸಪ್ಪನ ಹೊತ್ತು

ಬಹಳ ಹಿಂದೆ, ಈ ಊರು ಇನ್ನೂ ಗಣಿಯ ಲೈನುಮನೆಗಳಷ್ಟೇ ಆಗಿದ್ದಾಗ, ಇಲ್ಲಿ ಇನ್ನಾಸಪ್ಪ ಅಂತ ಒಬ್ಬನಿದ್ದನಂತೆ. ಗಣಿಯೊಳಗೆ ಕಲ್ಲು ಕೊರೆಯುತ್ತಿದ್ದ, ಮದುವೆಗಳಲ್ಲಿ ಕರೆಂಟ್ ಗಿಟಾರು ನುಡಿಸುತ್ತಿದ್ದ. ಅವನು ನುಡಿಸಿದರೆ ಬಾವಿಯ ನೀರು ನಡುಗುತ್ತಿತ್ತಂತೆ. ನಾನು ನೋಡಿಲ್ಲ, ನಮ್ಮಜ್ಜಿ ನೋಡಿದ್ದಳಂತೆ. ಅಜ್ಜಿ ಒಂದಕ್ಕೆರಡು ಸೇರಿಸುವವಳೇ ಬಿಡಿ.

ಒಂದು ದಿನ ಬಂಡೆ ಜಾರಿ ಅವನ ಎಡಗೈಯ ಮೂರು ಬೆರಳು ಹೋದವು. ತಂತಿ ಒತ್ತುವ ಕೈ ಅದೇ. ಗಿಟಾರನ್ನು ತಿರುಗಿಸಿ ಹಿಡಿದು ನೋಡಿದ, ಆಗಲಿಲ್ಲ. ಆಗ ಯಾರೋ ಹೇಳಿದರಂತೆ, ಹಿಂದೆ ಇಲ್ಲಿ ಗಣಿ ನೋಡಿಕೊಳ್ಳುತ್ತಿದ್ದ ಎಡಚ ಬಿಳಿ ದೊರೆಯೊಬ್ಬ ತನ್ನ ಕೈಗೆ ತಕ್ಕಂತೆ ಮಾಡಿಸಿಕೊಂಡ ಗಿಟಾರು ಒಂದಿದೆ, ಅದರ ತಂತಿಯನ್ನು ಬಲಗೈಯಲ್ಲೇ ಒತ್ತಬೇಕು, ಹೋಗುವಾಗ ಅವನು ಅದನ್ನು ಯಾರಿಗೋ ಕೊಟ್ಟುಹೋದ ಅಂತ.

ಇನ್ನಾಸಪ್ಪನ ಹೆಂಡತಿ ಜ್ಞಾನಮ್ಮ. ಅದಿರು ಒಡೆದು ಒಡೆದು ಎದೆ ತುಂಬ ಕಲ್ಲಿನ ಧೂಳು ತುಂಬಿಕೊಂಡವಳು. ತಮ್ಮ ಮದುವೆಯಲ್ಲಿ ಅವನು ನುಡಿಸಿದ ಹಾಡನ್ನು ಸಾಯುವ ಮೊದಲು ಇನ್ನೊಂದು ಸಲ ಕೇಳಬೇಕು ಅಂದಳಂತೆ. ಕೇಳಿಸುತ್ತೇನೆ ಅಂತ ಅವನು ಮಾತು ಕೊಟ್ಟ.

ಹನ್ನೆರಡು ವರ್ಷ ಹುಡುಕಿದ ಅಂತಾರೆ, ಏಳು ಅಂತಲೂ ಅಂತಾರೆ. ಅಷ್ಟೂ ಕಾಲ ಗುದ್ದಲಿ ಕಾವಿನ ಮೇಲೆ ಬಲಗೈ ಬೆರಳು ಪಳಗಿಸಿದನಂತೆ. ಕೊನೆಗೆ ಗಿಟಾರು ಸಿಕ್ಕಿದ್ದು ದೂರದ ಪೇಟೆಯ ಕ್ಷೌರದ ಅಂಗಡಿಯಲ್ಲಿ, ಅಂದಕ್ಕೆಂದು ಗೋಡೆಗೆ ನೇತುಹಾಕಿದ್ದು. ಇವನ ಕಣ್ಣು ನೋಡಿದ್ದೇ ತಡ, ಅಂಗಡಿಯವನಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು, ಚಿನ್ನ ಕೊಟ್ಟರೆ ಮಾತ್ರ ಕೊಡ್ತೀನಿ ಅಂದ. ಪಾಪಿ. ಇನ್ನಾಸಪ್ಪ ಮನೆಗೆ ಬಂದಾಗ ಜ್ಞಾನಮ್ಮ ಓಲೆ ಬಿಚ್ಚಿ ಅವನ ಕೈಗಿಟ್ಟಳು.

"ಕೇಳಕ್ಕೆ ಕಿವಿ ಸಾಕು, ಓಲೆ ಯಾಕೆ?" ಅಂದಳಂತೆ.

ಗಿಟಾರು ಹೆಗಲಿಗೆ ಹಾಕಿಕೊಂಡು ಅವನು ವಾಪಸು ಬಂದಾಗ ಮಟಮಟ ಮಧ್ಯಾಹ್ನ. ಹಿಟ್ಟಿನ ಗಿರಣಿ ನಿಂತಿತ್ತು. ಲೈನುಮನೆಗಳಲ್ಲಿ ಒಂದು ಪದ್ಧತಿಯಿತ್ತು. ಯಾರೇ ಸತ್ತರೂ ಮಣ್ಣಾಗುವವರೆಗೆ ಇಡೀ ಕಾಲೋನಿಯ ಕರೆಂಟು ತೆಗೆಯುತ್ತಿದ್ದರು. ಗಣಿಯೊಳಗೆ ಸತ್ತವರೆಲ್ಲ ಕತ್ತಲಲ್ಲಿ ಸತ್ತವರು, ಅವರ ಮರ್ಯಾದೆಗೆ. ಗಿರಣಿ ನಿಂತದ್ದು ಕಂಡೇ ಸಾವಾಗಿದೆ ಅಂತ ಅವನಿಗೆ ಗೊತ್ತಾಯಿತು. ಯಾರದು ಅಂತ ಗೊತ್ತಾದದ್ದು ತನ್ನ ಮನೆ ಬಾಗಿಲಲ್ಲಿ.

ಒಂದು ಹಾಡಿನಷ್ಟು ಹೊತ್ತು ಕರೆಂಟು ಹಾಕೋಣ ಅಂತ ಹಿರಿಯರೇ ಹೇಳಿದರಂತೆ. ಇನ್ನಾಸಪ್ಪ ಒಲ್ಲೆ ಅಂತ ತಲೆಯಾಡಿಸಿದ.

"ಗಣಿ ಒಳಗೆ ಸತ್ತೋರಿಗೆ ಇಲ್ದಿದ್ದು ಇವಳಿಗೂ ಬೇಡ."

ಅವಳ ತಲೆಯ ಹತ್ತಿರ ಕೂತು ಹಾಗೇ ನುಡಿಸಿದ. ಕರೆಂಟಿಲ್ಲದ ಆ ಗಿಟಾರಿನ ದನಿ ಸೊಳ್ಳೆಯ ಗುಂಯ್‌ಗಿಂತ ಸಣ್ಣದು. ಅಳುವಿನಲ್ಲಿ ಅದು ಮುಳುಗಿಹೋಯಿತು. ಜ್ಞಾನಮ್ಮನ ಅಕ್ಕ ಮೊದಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಒಬ್ಬೊಬ್ಬರೇ ಅಳು ನುಂಗಿಕೊಂಡರು. ಕೆಮ್ಮು ಬಂದವರು ಹೊರಗೆ ಓಡಿದರಂತೆ. ಅವನು ಪೂರ್ತಿ ನುಡಿಸಿದ. ಮತ್ತೆಂದೂ ಅದನ್ನು ಮುಟ್ಟಲಿಲ್ಲ.

ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಈಗಲೂ ನಮ್ಮಲ್ಲಿ ಸಾವಾದರೆ ಫ್ಯೂಸು ತೆಗೆಯುತ್ತೇವೆ. ಹೆಣ ಎತ್ತುವ ಮುಂಚೆ ಒಂದು ಹಾಡಿನಷ್ಟು ಹೊತ್ತು ಯಾರೂ ಅಳುವುದಿಲ್ಲ. ಅದನ್ನು ಇನ್ನಾಸಪ್ಪನ ಹೊತ್ತು ಅಂತೇವೆ. ಹೊಸದಾಗಿ ಬಂದ ಸೊಸೆಯರು ಪಿಸುಗುಟ್ಟುತ್ತಾರೆ, ಏನೂ ಕೇಳಿಸುತ್ತಿಲ್ಲವಲ್ಲ ಅಂತ. ಅವತ್ತು ಜ್ಞಾನಮ್ಮನಿಗೂ ಅಷ್ಟೇ ಕೇಳಿಸಿದ್ದು ಕಣಮ್ಮ ಅಂತೇವೆ.