ಬಾಗಿಲ ಬಂಡೆ

ಒಂದು ಗುಡ್ಡ. ಗುಡ್ಡದ ತುಂಬ ಬಂಡೆ.

ಆ ಬಂಡೆಗಳಲ್ಲಿ ಕಾಳಾಚಾರ್ಯರು ನಲವತ್ತು ವರ್ಷ ಕೆತ್ತಿದರು. ಆನೆ ಕೆತ್ತಿದರು, ಎಮ್ಮೆ ಕೆತ್ತಿದರು, ಕೂಸನ್ನೆತ್ತಿಕೊಂಡ ಬಾಣಂತಿಯನ್ನು ಕೆತ್ತಿದರು. ಮೇಲೆ ಸೂರಿಲ್ಲ, ಸುತ್ತ ಗೋಡೆಯಿಲ್ಲ. ದಾರಿ ಶುರುವಾಗುವಲ್ಲಿ ಎರಡು ಕಲ್ಲುಕಂಬ. ಅದೇ ಬಾಗಿಲು.

ಕೆಂಚಪ್ಪ ಅವರ ಶಿಷ್ಯ. ಬಂದು ಹನ್ನೊಂದು ವರ್ಷವಾಗಿತ್ತು. ಗುರುಗಳ ಉಳಿ ಮಸೆದ. ಅವರು ಗೆರೆ ಹಾಕಿಕೊಟ್ಟಲ್ಲಿ ಕೆತ್ತಿದ. ತನ್ನದೇ ಅನ್ನುವ ಒಂದು ಕಲ್ಲು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅದೊಂದೇ.

ವರ್ಷಕ್ಕೊಮ್ಮೆ ಕೇಳುತ್ತಿದ್ದ.

"ನನ್ನ ಕಲ್ಲು ಯಾವಾಗ ಕೊಡ್ತೀರಿ, ಗುರುಗಳೇ?"

"ತೆಗೆದಿಟ್ಟಿದ್ದೀನಿ. ಯಾವುದು ಅಂತ ನೀನೇ ಹೇಳು."

ಕೆಂಚಪ್ಪ ಗುಡ್ಡವೆಲ್ಲ ಸುತ್ತಿ ಒಂದು ಬಂಡೆ ತೋರಿಸುತ್ತಿದ್ದ. ಗುರುಗಳು ಸುತ್ತಿಗೆಯಿಂದ ಅದನ್ನು ತಟ್ಟುತ್ತಿದ್ದರು. ಒಡಕು ಮಡಕೆಯ ಸದ್ದು ಬರುತ್ತಿತ್ತು.

"ಒಳಗೆ ಬಿರುಕಿದೆ. ಕಿವಿ ಎಲ್ಲಿಟ್ಟಿದ್ದೆ?"

ಮತ್ತೆ ಒಂದು ವರ್ಷ.

ದಿನಾ ಬೆಳಗ್ಗೆ ಗುರುಗಳು ಬಾಗಿಲಿಗೆ ಹೋಗಿ, ಪಕ್ಕದ ಬೂದು ಬಂಡೆಗೆ ಸುತ್ತಿಗೆಯಿಂದ ಒಂದೇ ಒಂದು ಏಟು ಹಾಕುತ್ತಿದ್ದರು. ಕಂಚಿನ ಗಂಟೆಯ ಹಾಗೆ ನಾದ ಬರುತ್ತಿತ್ತು. ಎಬ್ಬಿಸಲಿಕ್ಕೆ ಹೊಡೆಯುತ್ತಾರೆ ಎಂದು ಕೆಂಚಪ್ಪ ತಿಳಿದಿದ್ದ. ಚಾಪೆ ಸುತ್ತಿ ಏಳುತ್ತಿದ್ದ.

ಬರಬರುತ್ತ ಗುಡ್ಡ ನೋಡಲು ಜನ ಬಂದರು. ಒಬ್ಬ ಆನೆಯ ಮೇಲೆ ಹತ್ತಿ ಕೂತ. ಒಬ್ಬ ಬಾಣಂತಿಯ ಸೊಂಟದ ಮೇಲೆ ಚಾಕುವಿನಿಂದ ತನ್ನ ಹೆಸರು ಕೆರೆದ, ಪಕ್ಕದಲ್ಲಿ ತನ್ನವಳ ಹೆಸರನ್ನೂ ಕೆರೆದ. ಕೂಸಿನ ಬೆರಳು ಮುರಿಯಿತು.

ಕೆಂಚಪ್ಪ ಮುರಿದ ಬೆರಳನ್ನು ಎತ್ತಿಕೊಂಡು ಗುರುಗಳ ಬಳಿ ಬಂದ.

"ನಿಯಮ ಮಾಡ್ತೀನಿ, ಗುರುಗಳೇ. ಒಂದು ಸಲಕ್ಕೆ ಇಪ್ಪತ್ತೇ ಜನ. ನಾನೇ ಮುಂದೆ ನಿಂತು ತೋರಿಸ್ತೀನಿ. ನಾನಿಲ್ಲದೆ ಯಾರೂ ಒಳಗೆ ಬರೋ ಹಾಗಿಲ್ಲ."

"ಕೆತ್ತೋದು ಯಾವಾಗ?"

"ಇದೊಂದು ದಾರಿಗೆ ಬರಲಿ."

ಗುರುಗಳು ತಮ್ಮ ಉಳಿ ಎತ್ತಿಕೊಂಡು ಕೆಲಸಕ್ಕೆ ಹೋದರು.

ಮೂರು ನಿಯಮ ಆರಾಯಿತು. ಆರು ಒಂಬತ್ತಾಯಿತು. ಕೆಂಚಪ್ಪನ ಉಳಿಗೆ ತುಕ್ಕು ಹಿಡಿಯಿತು.

ಒಂದು ದಿನ ಅವನು ಗುಂಪು ಕರೆತಂದಾಗ ಗುರುಗಳು ಬಾಣಂತಿಯ ಭುಜದ ಮೇಲೆ ಅಂಗೈಯಿಟ್ಟು ನಿಂತಿದ್ದರು. ಮಳೆಗಾಲ ಮುಗಿದ ಮೇಲೆ ಬಿರುಕು ಬಿಟ್ಟಿದೆಯೇ ಎಂದು ಹಾಗೆ ನೋಡುವುದು ಅವರ ರೂಢಿ.

"ತಾತ, ಕೈ ತೆಗೀರಿ!" ಎಂದಳು ಗುಂಪಿನ ಒಬ್ಬ ಹೆಂಗಸು. "ಮುಟ್ಟಬಾರದು ಅಂತ ಈಗಷ್ಟೇ ಹೇಳಿದ್ರಲ್ಲ, ಕಿವಿ ಕೇಳಲ್ವಾ?"

"ನಮ್ಮ ಗುಂಪಿನವರಲ್ಲ ಬಿಡ್ರೀ. ಹಿಂದಿನಿಂದ ಗುಡ್ಡ ಹತ್ತಿ ಬಂದಿರಬೇಕು," ಎಂದ ಇನ್ನೊಬ್ಬ.

"ಈ ವಯಸ್ಸಲ್ಲಿ?"

ಎಲ್ಲರೂ ನಕ್ಕರು.

ಗುರುಗಳು ಕೆಂಚಪ್ಪನ ಕಡೆ ನೋಡಿದರು. ಒಬ್ಬರಿಗೆ ಬಿಟ್ಟರೆ ಇಪ್ಪತ್ತು ಜನವೂ ಮುಟ್ಟುತ್ತಾರೆ ಅನ್ನಿಸಿತು ಅವನಿಗೆ.

"ಮುಂದೆ ನಡೀರಿ, ಮುಂದೆ ನಡೀರಿ," ಎಂದ.

ಗುರುಗಳು ಕೈ ತೆಗೆದರು.

ಸಂಜೆ ಕೆಂಚಪ್ಪ ತಲೆ ತಗ್ಗಿಸಿ ಬಂದ.

"ತಪ್ಪು ತಿಳ್ಕೋಬೇಡಿ, ಗುರುಗಳೇ. ನಿಯಮ ಅಂದಮೇಲೆ ಎಲ್ಲರಿಗೂ ಒಂದೇ ಇರಬೇಕು."

"ನಿನಗೂ?"

"ನನಗೂ."

"ಆಗಲಿ."

ಆಮೇಲೆ ಗುರುಗಳು ದೂರದ ಊರಿಗೆ ಹೊರಟರು. ಅಲ್ಲಿನ ಹೊಸ ಗುಡಿಯ ವಿಗ್ರಹಕ್ಕೆ ಕಣ್ಣು ಬಿಡಿಸಬೇಕಿತ್ತು. ಹದಿನೈದು ದಿನದ ಮಾತು.

ಜನ ಕೆಂಚಪ್ಪನ ಬಾಯಿಮಾತಿಗೆ ಬಗ್ಗುತ್ತಿರಲಿಲ್ಲ. ರಟ್ಟಿನ ಮೇಲೆ ಬರೆದು ಹಾಕಿದ್ದು ಮಳೆಗೆ ನೆನೆದು ಹೋಗಿತ್ತು. ಹಲಗೆಯ ಮೇಲೆ ಬರೆದದ್ದನ್ನು ಗೆದ್ದಲು ತಿಂದಿತ್ತು. ನಿಯಮ ಕಲ್ಲಿನಲ್ಲೇ ಇರಲಿ ಎಂದುಕೊಂಡ. ಬಾಗಿಲ ಪಕ್ಕದ ಬೂದು ಬಂಡೆ ಕಣ್ಣಿಗೆ ಬಿತ್ತು. ಆಳೆತ್ತರ. ಮುಖ ಸಮ. ಬಂದವರು ಓದದೆ ಒಳಗೆ ಹೋಗುವಂತೆಯೇ ಇಲ್ಲ.

ತುಕ್ಕು ಉಜ್ಜಿ ಉಳಿ ಹಿಡಿದ. ಹತ್ತು ದಿನ ಕೆತ್ತಿದ. ಒಂದು ಚಕ್ಕೆಯೂ ತಪ್ಪಿ ಸಿಡಿಯಲಿಲ್ಲ. ಇಂಥ ಕಲ್ಲು ಅವನ ಕೈಗೆ ಎಂದೂ ಸಿಕ್ಕಿರಲಿಲ್ಲ. ಹೀಗೇಕೆ ಎಂದು ನಿಂತು ಯೋಚಿಸಲಿಲ್ಲ. ಒಂಬತ್ತೂ ಮುಗಿಯಬೇಕಿತ್ತು.

ಗುರುಗಳು ಬಂದರು. ಹೆಗಲ ಚೀಲ ಇಳಿಸದೆ ಬಂಡೆಯ ಮುಂದೆ ನಿಂತರು. ಒಂಬತ್ತನ್ನೂ ನಿಧಾನವಾಗಿ ಓದಿದರು.

"ಅಕ್ಷರ ದುಂಡಗಿವೆ."

ಹನ್ನೊಂದು ವರ್ಷದಲ್ಲಿ ಅವರು ಹೊಗಳಿದ್ದು ಅದೇ ಮೊದಲು. ಕೆಂಚಪ್ಪ ಹಿಗ್ಗಿದ.

"ಈಗಲಾದರೂ ನನ್ನ ಕಲ್ಲು ಕೊಡಿ, ಗುರುಗಳೇ."

ಗುರುಗಳ ಕೈ ಸುತ್ತಿಗೆಗೆಂದು ಚೀಲದೊಳಗೆ ಹೋಯಿತು. ಹಾಗೇ ಬರಿದಾಗಿ ಹೊರಬಂತು. ಬಗ್ಗಿ ಒಂದು ಬೆಣಚುಕಲ್ಲು ಎತ್ತಿಕೊಂಡು ಬಂಡೆಯ ಅಂಚನ್ನು ತಟ್ಟಿದರು.

ಗಂಟೆ ಮೊಳಗಿತು.

ದಿನವೂ ಕೇಳಿದ ಸದ್ದು. ಕೆಂಚಪ್ಪ ಇವತ್ತು ಮೊದಲ ಸಲ ಅದಕ್ಕೆ ಕಿವಿ ಕೊಟ್ಟ. ಒಂದು ಬಿರುಕಿಲ್ಲ, ಒಂದು ಪೊಳ್ಳಿಲ್ಲ.

"ಇದೇನಾ?"

"ಇದೇ."

"ಒಂದು ಮಾತು ಹೇಳಬಾರದಿತ್ತೇ, ಗುರುಗಳೇ?"

"ದಿನಾ ಬೆಳಗ್ಗೆ ಹೇಳಿದೆ."

"ನನ್ನನ್ನ ಎಬ್ಬಿಸೋಕೆ ಅಂದ್ಕೊಂಡೆ."

"ಅದಕ್ಕೂ ಹೌದು."

ಕೆಂಚಪ್ಪ ಅಕ್ಷರಗಳ ಮೇಲೆ ಕೈಯಾಡಿಸಿದ. ಉಳಿ ಎತ್ತಿಕೊಂಡ.

"ಎರಡು ಬೆರಳು ಆಳ, ಅಷ್ಟೇ. ಮುಖವನ್ನೆಲ್ಲ ಕೆತ್ತಿ ತೆಗೆದುಬಿಡ್ತೀನಿ. ಹಿಂದೆ ಇನ್ನೂ ಬೇಕಾದಷ್ಟು ಕಲ್ಲಿದೆ. ಒಂದು ತಿಂಗಳು ಸಾಕು, ಗುರುಗಳೇ."

ಗುರುಗಳು ಐದನೆಯ ಸಾಲಿನ ಕೆಳಗೆ ಬೆರಳಿಟ್ಟರು.

"ಓದು."

"ಗುಡ್ಡದ ಯಾವ ಕಲ್ಲಿಗೂ..." ಕೆಂಚಪ್ಪ ಕೈಯಲ್ಲಿದ್ದ ಉಳಿ ನೋಡಿದ. "ಯಾವ ಕಲ್ಲಿಗೂ ಕಬ್ಬಿಣ ತಾಗಿಸಕೂಡದು."

ಕಂಬಗಳ ಆಚೆ ಇಪ್ಪತ್ತು ಜನ ಬಂದು ನಿಂತಿದ್ದರು. ಯಾರೋ ಎಷ್ಟು ಹೊತ್ತು ಸ್ವಾಮಿ ಎಂದು ಗೊಣಗಿದರು.

"ಅದು ಬಂದವರಿಗೆ ಬರೆದದ್ದು, ಗುರುಗಳೇ," ಎಂದ ಕೆಂಚಪ್ಪ.

ಗುರುಗಳು ಅವನ ಕೈಯಿಂದ ಉಳಿ ತೆಗೆದುಕೊಂಡು ತಮ್ಮ ಸುತ್ತಿಗೆಯ ಜೊತೆ ಚೀಲಕ್ಕೆ ಹಾಕಿದರು. ಚೀಲದ ಬಾಯಿ ಬಿಗಿದು ಕಟ್ಟಿದರು. ಕಂಬ ದಾಟಿ ಹೋಗಿ, ಆ ಜನರ ಸಾಲಿನ ಕೊನೆಯಲ್ಲಿ ನಿಂತರು.

"‘ನನಗೂ’ ಅಂದವನು ನೀನೇ. ಬಾ, ತೋರಿಸು. ಗುಂಪು ಕಾಯ್ತಾ ಇದೆ."